ಕೊಯ್ಲಿನ ದಿನಗಳಲ್ಲಿ ಗಂಡ ಮಾತು ನಿಲ್ಲಿಸಿಬಿಟ್ಟರೆ ಏನು ಮಾಡಬೇಕು?

ಸಕಲೇಶಪುರದ ಕಡೆಯ ಕಾಫಿ ತೋಟದ ಮನೆಯಿಂದ ನೀವು ಕೇಳಿರುವುದು ಇಷ್ಟು: ಕೊಯ್ಲು ಶುರುವಾದಾಗಿನಿಂದ ಯಜಮಾನರು ಸರಿಯಾಗಿ ಮಾತನಾಡುವುದಿಲ್ಲ, ಹಣದ ವಿಷಯ ಎತ್ತಿದರೆ ರೇಗುತ್ತಾರೆ, ಇಲ್ಲವೇ ಎದ್ದು ಕಣದ ಕಡೆಗೆ ಹೋಗಿಬಿಡುತ್ತಾರೆ, ಅವರಿಗೆ ನನ್ನ ಮೇಲೆ ಪ್ರೀತಿಯೇ ಉಳಿದಿಲ್ಲವೇ, ಯಾವ ಮಾತಿನಿಂದ ಶುರು ಮಾಡಲಿ? ನಾನು ತೋಟದ ಮನೆಯಲ್ಲೇ ಬೆಳೆದವಳು, ಈಗ ಚಿಕ್ಕಮಗಳೂರಿನಲ್ಲಿ ಕುಟುಂಬ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತಿದ್ದೇನೆ. ಮಾತು ಯಾವುದು ಎನ್ನುವ ಮೊದಲು ಹೊತ್ತು ಯಾವುದು ಎಂದು ನೀವು ಯೋಚಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೌನ ಕಂಡ ಕೂಡಲೇ ಅದನ್ನು ತಿರಸ್ಕಾರವೆಂದು ತಿಳಿಯಬೇಡಿ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿ ಜಾನ್ ಗಾಟ್‌ಮನ್ ಅವರು ದಂಪತಿಗಳನ್ನು ಎದುರುಬದುರು ಕೂರಿಸಿ, ಅವರ ನಡುವೆ ಜಗಳವಿರುವ ವಿಷಯವನ್ನೇ ಚರ್ಚಿಸಲು ಹೇಳಿ, ಆ ಹೊತ್ತಿನ ಅವರ ಎದೆಬಡಿತವನ್ನು ಅಳೆದು ನೋಡಿದ್ದಾರೆ. ಬಡಿತ ನಿಮಿಷಕ್ಕೆ 100ನ್ನು ದಾಟಿತೆಂದರೆ, ಎದುರಿಗಿರುವವರು ಎಷ್ಟೇ ಒಳ್ಳೆಯ ಮಾತಾಡಿದರೂ ಅದು ಕಿವಿಗೆ ಬಿದ್ದು ಮನಸ್ಸಿಗೆ ಇಳಿಯುವುದು ಕಷ್ಟ. ಹೊರಗೆ ಮುಖ ಬಿಗಿದುಕೊಂಡು ಕುಳಿತವರ ಒಳಗೆ ಆಗ ದೊಡ್ಡ ಕೋಲಾಹಲವೇ ನಡೆದಿರುತ್ತದೆ. ಹೀಗೆ ಮಾತು ನಿಲ್ಲಿಸಿ ಕೂರುವವರಲ್ಲಿ ಗಂಡಸರೇ ಹೆಚ್ಚು ಎಂಬುದೂ ಅವರಿಗೆ ಕಂಡುಬಂದಿತು. ಒಂದು ಪ್ರಯೋಗದಲ್ಲಿ ಜಗಳದ ನಡುವೆಯೇ ದಂಪತಿಗಳನ್ನು ತಡೆದು, ಅರ್ಧ ಗಂಟೆ ಆ ವಿಷಯ ಎತ್ತದೆ ಪತ್ರಿಕೆ ಓದುತ್ತಾ ಕೂರಲು ಹೇಳಲಾಯಿತು. ಮತ್ತೆ ಮಾತಿಗೆ ಕುಳಿತಾಗ ಬಡಿತ ಇಳಿದಿತ್ತು, ಮಾತಿನ ಧಾಟಿಯೂ ಬದಲಾಗಿತ್ತು. ಕನಿಷ್ಠ 20 ನಿಮಿಷದ ಬಿಡುವು ಬೇಕು ಎಂದು ಅವರು ಹೇಳುವುದು ಇದೇ ಕಾರಣಕ್ಕೆ.

ಈಗ ನಿಮ್ಮ ಮನೆಯ ಶನಿವಾರದ ಸಂಜೆಯನ್ನು ನೋಡಿ. ಬಟವಾಡೆ ಮುಗಿಸಿ, ಕೈಯಲ್ಲಿದ್ದ ನಗದೆಲ್ಲ ಖಾಲಿಯಾಗಿ, ಮೋಡ ಕಟ್ಟಿದೆಯೆಂದು ಕಣದಲ್ಲಿ ಹರಡಿದ್ದ ಕಾಫಿಯನ್ನು ರಾಶಿ ಮಾಡಿಸಿ, ಟಾರ್ಪಾಲು ಹೊದಿಸಿ ಅವರು ಒಳಗೆ ಬರುತ್ತಾರೆ. ಇಡೀ ದಿನ ಅತ್ತೆಯವರ ಔಷಧಿ, ಮಕ್ಕಳ ಪರೀಕ್ಷೆ, ಕೆಲಸದವರ ಕಾಫಿ-ತಿಂಡಿ ಎಂದು ಓಡಾಡಿದ ನೀವು, ಅವರು ಚಪ್ಪಲಿ ಬಿಡುವ ಮೊದಲೇ ‘ಬ್ಯಾಂಕಿನಿಂದ ಫೋನ್ ಬಂದಿತ್ತು ರೀ, ಕಂತು ಕಟ್ಟಿಲ್ಲವಂತೆ, ನನಗೆ ಹೇಳಲೇ ಇಲ್ಲವಲ್ಲ’ ಎನ್ನುತ್ತೀರಿ. ಮಾತು ನ್ಯಾಯವಾದದ್ದೇ, ಕೇಳುವ ಹಕ್ಕೂ ನಿಮಗಿದೆ, ಆದರೆ ಆ ಹೊತ್ತಿನಲ್ಲಿ ಅವರ ಕಿವಿಗೆ ಬೀಳುವುದು ದೂರೊಂದೇ. ಸ್ನಾನವಾಗಲಿ, ಊಟವಾಗಲಿ, ಅತ್ತೆಯವರು ಮಲಗಲಿ. ಕೂಡುಕುಟುಂಬದಲ್ಲಿ ಹಿರಿಯರೆದುರು ಹಣದ ಮಾತೆತ್ತಿದರೆ ಗಂಡಸು ಮೊದಲು ತನ್ನ ಮಾನ ಕಾಪಾಡಿಕೊಳ್ಳಲು ನೋಡುತ್ತಾನೆ, ಉತ್ತರ ಕೊಡುವುದು ಆಮೇಲೆ.

ಬಿಡುವು ಕೊಡುವುದೆಂದರೆ ನೀವೊಬ್ಬರೇ ಕಾಯುತ್ತಾ ಕೂರುವುದಲ್ಲ. ಹೆಚ್ಚಿನ ಮನೆಗಳಲ್ಲಿ ಎಡವಟ್ಟಾಗುವುದು ಇಲ್ಲೇ. ಮಾತು ನಿಲ್ಲಿಸಿದವರೇ ಅದನ್ನು ಮತ್ತೆ ಶುರು ಮಾಡುವ ಹೊಣೆಯನ್ನೂ ಹೊರಬೇಕು, ಅದೂ ಹೊತ್ತು ಹೇಳಿ. ‘ಈಗ ತಲೆ ಕೆಟ್ಟಿದೆ ಕಣೇ, ಊಟ ಆದಮೇಲೆ ಒಂಬತ್ತಕ್ಕೆ ಕೂರೋಣ’ ಎಂದು ಅವರು ಹೇಳಿ, ಒಂಬತ್ತಕ್ಕೆ ತಾವಾಗಿಯೇ ಬಂದು ಕುಳಿತರೆ ಅದು ಬಿಡುವು. ಏನೂ ಹೇಳದೆ ಕಣಕ್ಕೆ ಹೋದರೆ ಅದು ನಿಮ್ಮನ್ನು ಒಂಟಿಯಾಗಿ ಬಿಟ್ಟುಹೋದಂತೆ. ಈ ಒಪ್ಪಂದವನ್ನು ಜಗಳವಿಲ್ಲದ ದಿನ, ಇಬ್ಬರೂ ಸಮಾಧಾನವಾಗಿರುವಾಗ ಮಾಡಿಕೊಳ್ಳಿ. ಬಿಡುವಿನಲ್ಲಿ ‘ಅವರು ಹಾಗಂದರೆ ನಾನು ಹೀಗನ್ನುತ್ತೇನೆ’ ಎಂದು ಮನಸ್ಸಿನೊಳಗೇ ವಾದ ಕಟ್ಟುತ್ತಿದ್ದರೆ ಬಡಿತ ಇಳಿಯುವುದಿಲ್ಲ. ಅವರಾದರೂ ಮೊಬೈಲಿನಲ್ಲಿ ಕಾಫಿ ದರ ನೋಡುತ್ತಾ ಕುಳಿತರೆ ಅದೂ ವ್ಯರ್ಥವೇ.

ಕುಳಿತಾಗ ಮೊದಲ ಮಾತು ಮುಖ್ಯ. ‘ನೀವು ಯಾವಾಗಲೂ ಮುಚ್ಚಿಡುತ್ತೀರಿ’ ಎಂಬುದು ಅವರ ಸ್ವಭಾವದ ಮೇಲೆ ಹೊರಿಸಿದ ಆರೋಪ. ‘ಕಂತಿನ ವಿಷಯ ಬೇರೆಯವರಿಂದ ತಿಳಿದು ನನಗೆ ಭಯವಾಯಿತು, ಲೆಕ್ಕದ ಪುಸ್ತಕವನ್ನು ಇಬ್ಬರೂ ಒಟ್ಟಿಗೆ ನೋಡೋಣ’ ಎಂದರೆ ನಡೆದದ್ದೇನು, ನಿಮಗಾದದ್ದೇನು, ಬೇಕಾದದ್ದೇನು, ಮೂರೂ ಅದರಲ್ಲಿದೆ.

ಇನ್ನೊಂದು ಮಾತು. ಜ್ಯೂರಿಕ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಬೋಡೆನ್‌ಮಾನ್ ಅವರು ಹೊರಗಿನ ಒತ್ತಡ ದಾಂಪತ್ಯದೊಳಕ್ಕೆ ಹೇಗೆ ಹರಿದುಬರುತ್ತದೆ ಎಂಬುದನ್ನು ಬಹುಕಾಲ ಅಧ್ಯಯನ ಮಾಡಿದವರು. ಆ ಒತ್ತಡವನ್ನು ಇಬ್ಬರೂ ಒಟ್ಟಾಗಿ ಎದುರಿಸಬೇಕಾದದ್ದೆಂದು ಅವರು ನೋಡುತ್ತಾರೆ. ಅಕಾಲ ಮಳೆಗೆ ಹಣ್ಣು ಒಡೆದು ಉದುರಿದ್ದು, ಕೆಲಸದವರು ಸಿಗದಿರುವುದು, ಆನೆ ಬಂದು ಗಿಡ ಮುರಿದದ್ದು, ಇವುಗಳಲ್ಲಿ ನಿಮ್ಮಿಬ್ಬರ ತಪ್ಪೇನೂ ಇಲ್ಲ. ದಿನದಲ್ಲಿ ಒಂದಿಷ್ಟು ಹೊತ್ತು ಇಂಥವನ್ನು ಮಾತ್ರ ಅವರು ಹೇಳಲಿ, ನೀವು ಸಲಹೆ ಕೊಡದೆ ಕೇಳಿ. ಆಮೇಲೆ ನಿಮ್ಮ ದಿನದ ಕಷ್ಟವನ್ನು ನೀವು ಹೇಳಿ, ಅವರೂ ಹಾಗೆಯೇ ಕೇಳಲಿ. ಸಲಹೆಯಿಲ್ಲದೆ ಕೇಳುವುದು ನಮ್ಮ ಕಡೆಯ ಮನೆಗಳಲ್ಲಿ ಬಹಳ ಅಪರೂಪ, ಅಷ್ಟೇ ಅಗತ್ಯವೂ ಹೌದು.

ನಾನು ಬರೆದದ್ದೆಲ್ಲ ಹೆದರಿಕೆಯಿಲ್ಲದ ಮನೆಗೆ ಮಾತ್ರ ಅನ್ವಯಿಸುತ್ತದೆ. ಅವರು ಕೈ ಎತ್ತುತ್ತಿದ್ದರೆ ಅಥವಾ ಬೆದರಿಸುತ್ತಿದ್ದರೆ ಒಳ್ಳೆಯ ಹೊತ್ತಿಗಾಗಿ ಕಾಯಬೇಡಿ, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ನಿಮ್ಮ ರಕ್ಷಣೆಗಿದೆ. ಹಾಗಲ್ಲದೆ, ಅವರಿಗೆ ನಿದ್ದೆ ಹತ್ತದೆ, ಊಟ ಸೇರದೆ, ‘ನಾನು ಇದ್ದೇನು ಪ್ರಯೋಜನ’ ಎಂಬಂಥ ಮಾತು ಬರುತ್ತಿದ್ದರೆ ಅದನ್ನು ಕೊಯ್ಲಿನ ಬೇಸರವೆಂದು ತಳ್ಳಿಹಾಕದೆ ಮಾನಸಿಕ ಆರೋಗ್ಯಕ್ಕಾಗಿ ಸರ್ಕಾರ ನಡೆಸುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ಹಗಲುರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಅವರು ಒಪ್ಪದಿದ್ದರೆ ಮೊದಲು ನೀವೇ ಕರೆ ಮಾಡಿ ವಿಚಾರಿಸಿ.