ಕಾಫಿಗೆ ಸೋಯಾ ಹಾಲು: ಹಾಕಲಿ, ಆದರೆ ಹೇಳಿ ಹಾಕಲಿ

ಹುಬ್ಬಳ್ಳಿ ವಿದ್ಯಾನಗರದ ಓದುಗರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಅವರ ಬೇಡಿಕೆ ಇಷ್ಟು: ಹುಬ್ಬಳ್ಳಿ-ಧಾರವಾಡದ ಕಾಫಿ ಶಾಪ್‌ಗಳಲ್ಲಿ ಕ್ಯಾಪುಚಿನೋ, ಲಾಟೆ ಕೇಳಿದರೆ ಸೋಯಾ, ಓಟ್ಸ್ ಅಥವಾ ಬಾದಾಮಿ ಹಾಲಿನಲ್ಲೇ ಮಾಡಿ ಕೊಡಲಿ, ಆಕಳ ಹಾಲು ಬೇಕಾದವರು ಬಾಯಿಬಿಟ್ಟು ಕೇಳಲಿ. ಪರಿಸರಕ್ಕೂ ಆರೋಗ್ಯಕ್ಕೂ ಅದೇ ಒಳ್ಳೆಯದು ಅನ್ನುವುದು ಅವರ ವಾದ. ಇದಕ್ಕೆ ನಮ್ಮ ಪತ್ರಿಕೆ ಅಭಿಯಾನ ಮಾಡಬೇಕಂತೆ. ಬೋರ್ಡ್ ಹಾಕಿದರೆ ಜನ ಬೆದರುತ್ತಾರೆ, ಸುಮ್ನೆ ಬದಲಾಯಿಸಿದರೆ ಯಾರಿಗೂ ಗೊತ್ತೇ ಆಗುವುದಿಲ್ಲ ಅಂತಲೂ ಸೇರಿಸಿದ್ದಾರೆ. ಚಹಾದಂಗಡಿಗಳಿಗೂ ಇದೇ ನಿಯಮ ಬರಲಿ ಅನ್ನುವುದು ಅವರ ಮುಂದಿನ ಆಸೆ. ಕೊನೆಗೆ ನಮಗೊಂದು ಏಟು: ‘ಪೇಡೆ ಬಗ್ಗೆ ಪುಟಗಟ್ಟಲೆ ಬರೆಯುವ ನೀವು ಇದನ್ನು ಅಚ್ಚು ಹಾಕ್ತೀರಾ?’

ಹಾಕ್ತೀವಿ ಸರ್. ನಿಮ್ಮ ಅರ್ಧ ಮಾತು ನನಗೆ ಒಪ್ಪಿಗೆ. ಇನ್ನರ್ಧಕ್ಕೆ ಜಗಳ ಇದೆ.

ಮೊದಲು ಒಪ್ಪಿಗೆಯದ್ದು. ಕೌಂಟರ್ ಮುಂದೆ ನಿಂತವರು ‘ಒಂದು ಕ್ಯಾಪುಚಿನೋ’ ಅಂತಾರೆ, ಮೊಬೈಲ್ ತೆಗೆದು ಸ್ಕ್ಯಾನ್ ಮಾಡ್ತಾರೆ, ಹೋಗಿ ಕೂರ್ತಾರೆ. ಯಾವ ಹಾಲು ಅಂತ ಯಾರೂ ಯೋಚಿಸುವುದಿಲ್ಲ. ಎದುರಿಗೆ ಬಂದದ್ದನ್ನು ಕುಡಿಯುವುದು ಮನುಷ್ಯರ ಅಭ್ಯಾಸ. ಇದು ಬರೀ ಕಾಫಿಯ ಕತೆಯೂ ಅಲ್ಲ. 2003ರಲ್ಲಿ ಎರಿಕ್ ಜಾನ್ಸನ್ ಮತ್ತು ಡೇನಿಯಲ್ ಗೋಲ್ಡ್‌ಸ್ಟೀನ್ ಅಂಗಾಂಗ ದಾನದ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಬೇಡ ಅನ್ನುವವರು ಮಾತ್ರ ಬರೆದುಕೊಡಬೇಕಾದ ಆಸ್ಟ್ರಿಯಾದಲ್ಲಿ ಹೆಚ್ಚೂಕಡಿಮೆ ಎಲ್ಲರೂ ದಾನಿಗಳು. ಬೇಕು ಅನ್ನುವವರು ಬರೆದುಕೊಡಬೇಕಾದ ಪಕ್ಕದ ಜರ್ಮನಿಯಲ್ಲಿ 12%. ಎರಡೂ ಕಡೆ ಜನ ಒಂದೇ ಥರದವರು, ಫಾರ್ಮು ಮಾತ್ರ ಬೇರೆ. ಕಾಫಿಯಲ್ಲೂ ಇದನ್ನು ಮಾಡಿ ನೋಡಿದ್ದಾರೆ. ಅಮೆರಿಕದ ಬ್ಲೂ ಬಾಟಲ್ ಕಂಪನಿ 2022ರಲ್ಲಿ ಅಲ್ಲಿನ ತನ್ನ ಅಂಗಡಿಗಳಲ್ಲಿ ಓಟ್ಸ್ ಹಾಲನ್ನೇ ಮಾಮೂಲಿ ಮಾಡಿತು, ಆಕಳ ಹಾಲು ಕೇಳಿದವರಿಗೆ ಕೊಡ್ತಾರೆ. ಹಾಗಾಗಿ ನಿಮ್ಮದು ಹುಚ್ಚು ಆಲೋಚನೆ ಏನಲ್ಲ.

ಲೆಕ್ಕವೂ ನಿಮ್ಮ ಕಡೆಗೇ ಇದೆ. ಆಕ್ಸ್‌ಫರ್ಡಿನ ಜೋಸೆಫ್ ಪೂರ್ ಮತ್ತು ಸ್ವಿಟ್ಜರ್ಲೆಂಡಿನ ಥಾಮಸ್ ನೆಮೆಚೆಕ್ ಅವರ 2018ರ ಅಧ್ಯಯನದ ಪ್ರಕಾರ, ಜಗತ್ತಿನ ಸರಾಸರಿಯಲ್ಲಿ ಒಂದು ಲೀಟರ್ ಆಕಳ ಹಾಲಿಗೆ ಸುಮಾರು 3 ಕಿಲೋ ಇಂಗಾಲದ ಹೊರೆ, ಅಂದರೆ ಭೂಮಿಯನ್ನು ಬಿಸಿ ಮಾಡುವ ಅನಿಲಗಳ ಲೆಕ್ಕ. ಸೋಯಾ, ಓಟ್ಸ್ ಹಾಲಿಗೆ ಒಂದು ಕಿಲೋ ಆಸುಪಾಸು. ನೀರು ಆಕಳ ಹಾಲಿಗೆ 628 ಲೀಟರ್, ಬಾದಾಮಿಗೆ 371, ಸೋಯಾಗೆ ಬರೀ 28. (ಬಾದಾಮಿ ಹಾಲನ್ನು ನಿಮ್ಮ ಪಟ್ಟಿಯಿಂದ ದಯವಿಟ್ಟು ತೆಗೆದುಹಾಕಿ. ಬೇಸಿಗೆಯಲ್ಲಿ ನಲ್ಲಿ ನೀರಿಗಾಗಿ ದಿನ ಎಣಿಸುವ ಊರು ನಮ್ಮದು.) ಒಂದು ಕಪ್ ಕ್ಯಾಪುಚಿನೋಗೆ 150 ಮಿಲಿ ಹಾಲು ಅಂತ ಹಿಡಿದರೆ, ಸೋಯಾ ಹಾಕಿದಾಗ ಈ ಹೊರೆಯಲ್ಲಿ ಉಳಿಯುವುದು ಸುಮಾರು 300 ಗ್ರಾಂ. ‘ನಮ್ಮ ಎಮ್ಮೆ ಕಣಕಿ ತಿಂದು ಬದುಕುತ್ತೆ, ಅದಕ್ಕೆಲ್ಲಿಯ ಇಂಗಾಲ’ ಅಂತ ಕೇಳುವವರು ಇದ್ದೇ ಇರ್ತಾರೆ. ಆದರೆ ಕಣಕಿ ಮೆಲುಕು ಹಾಕುವಾಗಲೂ ಮೀಥೇನ್ ಬರುತ್ತೆ, ಮತ್ತೆ ಕಡಿಮೆ ಹಾಲು ಕೊಡುವ ದನದ ಒಂದೊಂದು ಲೀಟರಿನ ಪಾಲಿಗೆ ಅದು ಜಾಸ್ತಿಯೇ ಬೀಳುತ್ತೆ.

ಇನ್ನು ಜಗಳ. ಸುಮ್ನೆ ಬದಲಾಯಿಸೋಣ ಅಂದಿರಲ್ಲ, ಅದು ಮಾತ್ರ ಆಗದ ಮಾತು. ಸೋಯಾ ಅಲರ್ಜಿ ಇರುವವರು ಇದ್ದಾರೆ, ಗೋಡಂಬಿ-ಬಾದಾಮಿ ತಿಂದರೆ ಗಂಟಲು ಊದಿಕೊಳ್ಳುವವರು ಇದ್ದಾರೆ. ಅವರಿಗೆ ಹೇಳದೆ ಕೊಟ್ಟರೆ ಅದು ಮೋಸ ಮಾತ್ರ ಅಲ್ಲ, ಅಪಾಯ. ಮೆನುವಿನ ಮೇಲೇ ದಪ್ಪ ಅಕ್ಷರದಲ್ಲಿ ಬರೆಯಲಿ: ‘ನಮ್ಮ ಕಾಫಿ ಸೋಯಾ ಹಾಲಿನದು, ಆಕಳ ಹಾಲು ಬೇಕಿದ್ದರೆ ಹೇಳಿ, ರೇಟು ಒಂದೇ.’ ಬೆದರುವವರು ಬೆದರಲಿ. ಹೇಳಿದ ಮೇಲೂ ಮುಕ್ಕಾಲು ಜನ ‘ಆಗಲಿ ಬಿಡ್ರಿ’ ಅಂತಾರೆ ಅನ್ನುವುದು ನನ್ನ ಅಂದಾಜು.

ಆ ‘ರೇಟು ಒಂದೇ’ ಅನ್ನುವುದರಲ್ಲೇ ಎಲ್ಲಾ ಇದೆ, ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಈಗ ಓಟ್ಸ್ ಹಾಲು ಕೇಳಿದರೆ ಬಿಲ್ಲಿನಲ್ಲಿ ಎಕ್ಸ್‌ಟ್ರಾ ಬೀಳುತ್ತೆ. ಅದನ್ನು ಹಾಗೇ ಇಟ್ಟು ಮಾಮೂಲಿ ಮಾಡಿದರೆ ಏನಾಗುತ್ತೆ? ಕೇಳದವರ ಜೇಬಿಗೆ ಕೇಳದೆ ಕತ್ತರಿ ಹಾಕಿದ ಹಾಗೆ. ಒಂದು ವಾರದಲ್ಲಿ ಜನ ಬೈದು, ಸೋಯಾ ಅನ್ನುವುದೇ ಅಂಗಡಿಯವರ ಹೊಸ ಸುಲಿಗೆ ಅನ್ನುವ ಹೆಸರು ಬಂದು, ನಿಮ್ಮ ಕೆಲಸ ಹತ್ತು ವರ್ಷ ಹಿಂದೆ ಹೋಗುತ್ತೆ. ಸ್ಟಾರ್‌ಬಕ್ಸ್‌ನಂಥ ಕಂಪನಿಯೂ ಅಮೆರಿಕದಲ್ಲಿ ಈ ಹೆಚ್ಚುವರಿ ಚಾರ್ಜು ಕೈಬಿಟ್ಟಿದ್ದು 2024ರ ನವೆಂಬರಿನಲ್ಲಿ. ನಮ್ಮಲ್ಲಿ ತೆರಿಗೆಯದೂ ಕಾಟ ಇತ್ತು. ಪಾಕೀಟ್ ಹಾಲಿಗೆ ಜಿಎಸ್‌ಟಿ ಇಲ್ಲ, ಸೋಯಾ ಹಾಲಿಗೆ 12%, ಉಳಿದ ಸಸ್ಯದ ಹಾಲಿಗೆ 18%. ಸೆಪ್ಟೆಂಬರ್ 2025ರಿಂದ ಎರಡೂ 5%ಗೆ ಇಳಿದಿವೆ. ಅಷ್ಟಾದರೂ ಓಟ್ಸ್ ಹಾಲಿನ ಡಬ್ಬಿ ನಂದಿನಿ ಪಾಕೀಟಿನ ಹತ್ತಿರಕ್ಕೂ ಬರುವುದಿಲ್ಲ.

ಅದಕ್ಕೇ ನಾನು ಸೋಯಾ ಅನ್ನುತ್ತಿರುವುದು. ಮುಂಗಾರಿನಲ್ಲಿ ಕಲಘಟಗಿ ಕಡೆ ಹೋಗಿ ನೋಡಿ, ರಸ್ತೆಯ ಎರಡೂ ಬದಿ ಸೋಯಾ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ಡಿಎಸ್‌ಬಿ 21 ತಳಿ ತುಕ್ಕು ರೋಗ ತಡೆಯುತ್ತೆ ಅಂತ ರೈತರು ಬೀಜ ಹುಡುಕಿಕೊಂಡು ಹೋಗ್ತಾರೆ. ಬೆಳೆದ ಕಾಳೆಲ್ಲ ಎಣ್ಣೆ ಮಿಲ್ಲಿಗೆ ಹೋಗುತ್ತೆ, ಹಿಂಡಿ ಕೋಳಿಗೆ ಹೋಗುತ್ತೆ, ನಮ್ಮ ಹೊಟ್ಟೆಗೆ ಬರುವುದು ಅಷ್ಟಕ್ಕಷ್ಟೇ. 2025-26ಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 5,328 ರೂಪಾಯಿ, ಅಂದರೆ ಕಿಲೋಗೆ 53 ಚಿಲ್ಲರೆ. ಒಂದು ಕಿಲೋ ಕಾಳಿನಿಂದ ಆರೇಳು ಲೀಟರ್ ಹಾಲು ಧಾರಾಳವಾಗಿ ಬರುತ್ತೆ. ಗ್ಯಾಸು, ಕೆಲಸದವರ ಕೂಲಿ ಎಲ್ಲಾ ಸೇರಿಸಿ ಲೆಕ್ಕ ಹಾಕಿ. ಅಂಗಡಿಯವರೇ ಮಾಡಿಕೊಂಡರೆ ಎಕ್ಸ್‌ಟ್ರಾ ಕೇಳುವ ಪ್ರಮೇಯವೇ ಬರುವುದಿಲ್ಲ.

ಮಾಡುವುದರಲ್ಲಿ ಮಾತ್ರ ಸ್ವಲ್ಪ ಕೈ ಪಳಗಬೇಕು. ರಾತ್ರಿ ನೆನೆಸಿದ ಕಾಳನ್ನು ತಣ್ಣೀರಿನಲ್ಲಿ ರುಬ್ಬಿದರೆ ಹಸಿ ವಾಸನೆ ಹೊಡೆಯುತ್ತೆ, ಕಾಫಿಯೂ ಅದನ್ನು ಮುಚ್ಚುವುದಿಲ್ಲ. ಕುದಿಯುವ ನೀರು ಹಾಕಿ ರುಬ್ಬಬೇಕು, ಬಟ್ಟೆಯಲ್ಲಿ ಹಿಂಡಿ ಸೋಸಬೇಕು, ಆಮೇಲೆ ಕೈಯಾಡಿಸುತ್ತಾ ಮತ್ತೆ ಹದಿನೈದು ನಿಮಿಷ ಕುದಿಸಬೇಕು. ನೊರೆ ಉಕ್ಕಿ ಬಂತು ಅಂತ ಬೇಗ ಇಳಿಸಬೇಡಿ, ಆ ನೊರೆ ಕುದಿಯುವ ಮೊದಲೇ ಬರುತ್ತೆ. ಹಸಿ ಉಳಿದ ಸೋಯಾ ಅರಗುವುದಿಲ್ಲ. ಇನ್ನೊಂದು, ಫ್ರಿಜ್ಜಿನಿಂದ ತೆಗೆದ ಸೋಯಾ ಹಾಲನ್ನು ಬಿಸಿ ಡಿಕಾಕ್ಷನ್ನಿಗೆ ಸುರಿದರೆ ನೋಡನೋಡುತ್ತಲೇ ಒಡೆದು, ಬಿಳಿ ಚೂರುಗಳು ತೇಲಿ ಬರುತ್ತವೆ. ಕಾಫಿಯ ಹುಳಿ, ಮೇಲೆ ಬಿಸಿ, ಎರಡೂ ಸೇರಿ ಸೋಯಾದ ಪ್ರೋಟೀನ್ ಗಟ್ಟಿ ಕಟ್ಟುತ್ತೆ. ಹಾಲು ಬೆಚ್ಚಗೆ ಮಾಡಿಕೊಂಡು, ಅದಕ್ಕೆ ಕಾಫಿಯನ್ನು ನಿಧಾನಕ್ಕೆ ಹಾಕಿದರೆ ಈ ತಂಟೆ ಕಡಿಮೆ. ಹುಳಿ ಜಾಸ್ತಿ ಇರುವ ತಿಳಿ ಹುರಿದ ಬೀಜ ಬಿಟ್ಟು, ಕಪ್ಪಗೆ ಹುರಿದದ್ದು ಬಳಸಿದರೆ ಇನ್ನೂ ಒಳ್ಳೆಯದು.

ಆರೋಗ್ಯದ ಬಗ್ಗೆ ನೀವು ಬರೆದದ್ದು ಸ್ವಲ್ಪ ಅತಿಯಾಯಿತು. ಸೋಯಾದಲ್ಲಿ ಪ್ರೋಟೀನ್ ಹೆಚ್ಚುಕಡಿಮೆ ಆಕಳ ಹಾಲಿನಷ್ಟೇ ಇದೆ ನಿಜ, ಓಟ್ಸ್ ಮತ್ತು ಬಾದಾಮಿ ಹಾಲಿನಲ್ಲಿ ತೀರಾ ಕಡಿಮೆ. ಬಿ12 ಬೇರೆಯಾಗಿ ಸೇರಿಸದಿದ್ದರೆ ಇರುವುದೇ ಇಲ್ಲ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಅನುಕೂಲ, ಅಷ್ಟು ಹೇಳಿದರೆ ಸಾಕು.

ಗೌಳಿಗರ ಹೊಟ್ಟೆ ಮೇಲೆ ಹೊಡೆದ ಹಾಗಲ್ವಾ ಅಂತ ಆಫೀಸಿನಲ್ಲೇ ಒಬ್ಬರು ಕೇಳಿದರು. ಧಾರವಾಡಿ ಎಮ್ಮೆಯ ಹಾಲು ಹೋಗುವುದು ಪೇಡೆಗೆ, ಮನೆಗೆ, ಚಹಾದಂಗಡಿಗೆ. ಕಾಫಿ ಮಷಿನ್ ಇಟ್ಟುಕೊಂಡ ಎಷ್ಟು ಅಂಗಡಿ ಇವೆ ನಮ್ಮಲ್ಲಿ? ಹಾಲಿನ ಲೆಕ್ಕಕ್ಕೆ ಅದು ಏನೇನೂ ಅಲ್ಲ. ಮೇಲಾಗಿ ಸೋಯಾ ಬೆಳೆಯುವವರ ಹಿತ್ತಲಲ್ಲೇ ಎಮ್ಮೆಯೂ ಇರುತ್ತೆ.

ಅಭಿಯಾನ ಅಂತ ಬ್ಯಾನರ್ ಕಟ್ಟುವುದು ನಮ್ಮಿಂದ ಆಗದು. ಒಂದೇ ರೇಟಿಗೆ, ಬೋರ್ಡ್ ಹಾಕಿ, ಮೂರು ತಿಂಗಳು ಮಾಡಿ ನೋಡ್ತೀನಿ ಅನ್ನುವ ಒಬ್ಬ ಅಂಗಡಿಯವರನ್ನು ನೀವು ಹುಡುಕಿ ಕೊಡಿ, ಅವರ ಲಾಭ-ನಷ್ಟ ಎರಡನ್ನೂ ನಾವು ಅಚ್ಚು ಹಾಕ್ತೀವಿ. ಇನ್ನು ಚಹಾದಂಗಡಿಗಳ ವಿಷಯ. ಬೆಳಿಗ್ಗೆ ಆರು ಗಂಟೆಗೆ, ಎಮ್ಮೆ ಹಾಲು ಕುದಿಯುತ್ತಿರುವ ಪಾತ್ರೆಯ ಮುಂದೆ ನಿಂತು ಈ ಮಾತು ತೆಗೆಯುವ ಧೈರ್ಯ ನನಗಂತೂ ಇಲ್ಲ. ನಿಮಗಿದ್ದರೆ ಹೋಗಿ ಕೇಳಿ, ಅವರು ಏನಂದರು ಅಂತ ಬರೆಯಿರಿ, ಬೈಗುಳ ತೆಗೆದು ಉಳಿದದ್ದನ್ನು ಪ್ರಕಟಿಸ್ತೀವಿ.

– ಸಂಪಾದಕ