ಪಿಟಿ ಪಿರಿಯಡ್‌ನಲ್ಲಿ ಕೂತ ಹುಡುಗಿ

ಆಳಂದದಿಂದ ತಾಯಿಯೊಬ್ಬರು ಬರೆದಿದ್ದಾರೆ: ‘ಮಗಳಿಗೆ ಹದಿನೈದು ವರ್ಷ. ಫಿಟ್ಸ್ ಇದೆ, ಗುಳಿಗೆ ನಡೆದಿದೆ. ಒಂದು ವರ್ಷದಿಂದ ಬಂದಿಲ್ಲ. ಡಾಕ್ಟರು ಆಡಲಿ ಅಂದರೂ ಅತ್ತೆ-ಮಾವ ಬೇಡ ಅಂತಾರೆ. ಓಡಿದರೆ ಮಿದುಳು ಮತ್ತೆ ಬೆಳೆಯುತ್ತದಂತೆ, ನಿಜವೇ? ಹಾಗಿದ್ದರೆ ಗುಳಿಗೆ ಬಿಡಿಸಬಹುದೇ?’

ತಾಯೀ, ಮೊದಲು ಕೊನೆಯ ಪ್ರಶ್ನೆಗೆ ಬೈಯುತ್ತೇನೆ. ಗುಳಿಗೆ ತಪ್ಪಿಸಿದ್ದಕ್ಕೇ ಫಿಟ್ಸ್ ಮರಳಿ ಬಂದವರು ಬೇಕಾದಷ್ಟು ಜನ. ನಿದ್ದೆಗೆಟ್ಟರೂ ಹಾಗೆಯೇ. ಹಿರಿಯರ ಭಯವೂ ಪೂರ್ತಿ ಸುಳ್ಳಲ್ಲ. ಒಬ್ಬಳೇ ಈಜುವುದು, ಎತ್ತರ ಹತ್ತುವುದು ಬೇಡ. ಅವರ ಪರವಾಗಿ ಇಷ್ಟು ಸಾಕು.

ನಮ್ಮ ಸೋದರತ್ತೆಗೂ ಇದೇ ಇತ್ತು. ಬಾವಿಗೆ ಹೋಗಬೇಡ, ಒಲೆ ಮುಂದೆ ಕೂರಬೇಡ ಅಂದರು, ಸರಿ. ಆದರೆ ಹೊಲಕ್ಕೂ ಬೇಡ, ಜಾತ್ರೆಗೂ ಬೇಡ. ಶರಣಬಸವೇಶ್ವರರ ತೇರಿಗೆ ಮನೆಮಂದಿಯೆಲ್ಲ ಉತ್ತತ್ತಿ ಎಸೆಯಲು ಹೋದರೆ ಅತ್ತೆ ಪಡಸಾಲೆಯಲ್ಲಿ, ಬೀಗದ ಕೈ ಗೊಂಚಲು ಹಿಡಿದುಕೊಂಡು. ಕಬ್ಬಿಣ ಹಿಡಿದರೆ ಫಿಟ್ಸ್ ಬರಲ್ಲ ಅಂತ! ನಲವತ್ತಕ್ಕೇ ಮಂಡಿ ಹೋಯಿತು, ಮಾತು ಕಡಿಮೆಯಾಯಿತು. ಅವಳನ್ನು ಕೆಡಿಸಿದ್ದು ಫಿಟ್ಸೋ ಪಡಸಾಲೆಯೋ?

ಇನ್ನು ಮಿದುಳು. 1999ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯವರು ಇಲಿಗಳಿಗೆ ಓಡಲು ಚಕ್ರ ಕೊಟ್ಟರು. ಓಡಿದ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ, ಅಂದರೆ ನೆನಪು ಕಟ್ಟುವ ಭಾಗದಲ್ಲಿ, ಹೊಸ ನರಕೋಶ ಜಾಸ್ತಿ ಕಂಡವು. ಅನೇಕರ ಫಿಟ್ಸ್ ಶುರುವಾಗುವುದೂ ಅಲ್ಲೇ. 2011ರಲ್ಲಿ 120 ಹಿರಿಯರ ಅಧ್ಯಯನ ಬಂತು. ವರ್ಷವಿಡೀ ಬಿರುಸಾಗಿ ನಡೆದವರಲ್ಲಿ ಆ ಭಾಗ ಶೇ. 2ರಷ್ಟು ಹಿಗ್ಗಿತ್ತು. ಬರೀ ಕೈಕಾಲು ಚಾಚುವ ವ್ಯಾಯಾಮ ಮಾಡಿದವರಲ್ಲಿ ಕುಗ್ಗಿತ್ತು. ಅವರಿಗೆ ಫಿಟ್ಸ್ ಇರಲಿಲ್ಲ, ಅದೂ ನೆನಪಿರಲಿ. ದೊಡ್ಡವರ ಮಿದುಳಲ್ಲಿ ಹೊಸ ಕೋಶ ಹುಟ್ಟುತ್ತವೆಯೇ ಅಂತ 2018ರಲ್ಲಿ ವಿಜ್ಞಾನಿಗಳೇ ಕಿತ್ತಾಡಿದರು. ಇನ್ನೊಂದು ತಮಾಷೆ: ಜೋರು ಫಿಟ್ಸ್ ಆದ ಇಲಿಗಳಲ್ಲಿ ಹೊಸ ಕೋಶ ಜಾಸ್ತಿಯೇ ಹುಟ್ಟುತ್ತವೆ, ಆದರೆ ಕೆಲವು ದಾರಿ ತಪ್ಪಿ ಬೇರೆಲ್ಲೋ ಕೂರುತ್ತವೆ. ಹಾಗಾಗಿ ‘ಬೆಳೆಯುತ್ತದೆ’ ಅನ್ನುವುದೊಂದೇ ಸಾಲದು. ಫಿಟ್ಸ್ ಇದ್ದ ಇಲಿಗಳನ್ನು ಬ್ರೆಜಿಲ್‌ನಲ್ಲಿ ಓಡಿಸಿದಾಗ ಫಿಟ್ಸ್ ಕಡಿಮೆಯಾಯಿತು. ನನಗೆ ಅದು ಮುಖ್ಯ.

ಜಾಂಟಿ ರೋಡ್ಸ್ ಗೊತ್ತಲ್ವಾ? 1992ರ ವಿಶ್ವಕಪ್‌ನಲ್ಲಿ ಹಾರಿ ಇಂಜಮಾಮ್‌ನನ್ನು ರನ್‌ಔಟ್ ಮಾಡಿದವರು. ಅವರಿಗೂ ಇದೇ ಕಾಯಿಲೆ. ಅವರ ಮನೆಯಲ್ಲೂ ಪಡಸಾಲೆಯಲ್ಲಿ ಕೂರಿಸಿದ್ದರೆ?

ಡಾಕ್ಟರು ಹೇಳಿದ ಮೇಲೆ ಶಾಲೆಗೆ ಹೋಗಿ ಪಿಟಿ ಮೇಷ್ಟ್ರಿಗೆ ತಿಳಿಸಿ: ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಬೇಕು, ಬಾಯಿಗೆ ಏನೂ ತುರುಕಬಾರದು, ಐದು ನಿಮಿಷ ದಾಟಿದರೆ ಆಸ್ಪತ್ರೆ. ಈರುಳ್ಳಿ, ಚಪ್ಪಲಿ ಮೂಸಿಸುವುದು ಬೇಡ. ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ ಓಟ ಮುಗಿಸಲಿ. ನಮ್ಮ ಬಿಸಿಲು ನಿಮಗೆ ಹೇಳಬೇಕೇ?

ಆದರೆ ಓಡುವುದೆಲ್ಲಿ? ಶಾಲೆ ಮೈದಾನದಲ್ಲಿ ಇಂದು ಮದುವೆ ಪೆಂಡಾಲ್, ನಾಳೆ ಸಭೆ. ಕಲಬುರಗಿಯಲ್ಲಿ ಅಪ್ಪನ ಕೆರೆ ಇದೆ, ನಿಜ. ಅಲ್ಲಿಗೆ ನಡೆದು ಹೋಗೋಣ ಅಂದರೆ ಫುಟ್‌ಪಾತ್ ಮೇಲೆ ಬೈಕು, ಕೆಳಗಿಳಿದರೆ ಆಟೊ. ಜನ ವಾಕಿಂಗ್‌ಗೆ ಕಾರಲ್ಲಿ ಬರುತ್ತಾರೆ. ಬರೆಯಲು ನಾಚಿಕೆ, ನಾನೂ ಸ್ಕೂಟರ್ ಮೇಲೇ ಹೋಗುತ್ತೇನೆ.