ಗೇಮಿಂಗ್ ಸರ್ವರ್‌ನಲ್ಲಿ ನಮ್ಮ ಒಳ್ಳೇ ಆಟಗಾರನ ಮೇಲೇ ಕಿರುಕುಳದ ದೂರು ಬಂದಿದೆ, ಅಡ್ಮಿನ್ ಆಗಿ ಏನು ಮಾಡಲಿ?

ನಿಮ್ಮದು ಡಿಸ್ಕಾರ್ಡ್ ಆ್ಯಪ್‌ನಲ್ಲಿ ಐನೂರು ಜನರ ಬಿಜಿಎಂಐ (ಪಬ್‌ಜಿ ಮೊಬೈಲ್ ಆಟದ ಭಾರತದ ಆವೃತ್ತಿ) ಸರ್ವರ್. ಟೂರ್ನಮೆಂಟ್ ಸ್ಕ್ವಾಡ್‌ನ ಹುಡುಗನೊಬ್ಬ ವಾಯ್ಸ್ ಚಾನೆಲ್‌ನಲ್ಲಿ ಅಸಹ್ಯವಾಗಿ ಮಾತಾಡಿದ, ಆಮೇಲೆ ಡಿಎಂನಲ್ಲೂ (ಖಾಸಗಿ ಮೆಸೇಜ್) ಬೆನ್ನು ಬಿಡಲಿಲ್ಲ ಅಂತ ಒಬ್ಬ ಹುಡುಗಿ ಹೇಳಿದ್ದಾಳೆ. ಸರ್ವರ್ ನೋಡಿಕೊಳ್ಳುವ ಉಳಿದ ಮಾಡ್‌ಗಳು (ಮಾಡರೇಟರ್‌ಗಳು) "ಮ್ಯೂಟ್ ಮಾಡ್ಕೊಳ್ಳೋಕೆ ಹೇಳಿ, ಗೇಮ್‌ನಲ್ಲಿ ಇದೆಲ್ಲ ಇದ್ದದ್ದೇ" ಅನ್ನುತ್ತಿದ್ದಾರೆ.

ದಯವಿಟ್ಟು ಆ ಮಾತು ಅವಳಿಗೆ ಹೇಳಬೇಡಿ. ಶತ್ರು ಯಾವ ಕಡೆಯಿಂದ ಬರುತ್ತಿದ್ದಾನೆ, ಬಿದ್ದವರಲ್ಲಿ ಯಾರನ್ನು ಯಾರು ರಿವೈವ್ ಮಾಡಿ ಎಬ್ಬಿಸಬೇಕು, ನಾಲ್ವರ ಸ್ಕ್ವಾಡ್ ನಡೆಯುವುದೇ ಮಾತಿನ ಮೇಲೆ. ಮ್ಯೂಟ್ ಮಾಡಿದರೆ ಆಟ ಕೆಡುವುದು ಅವಳದ್ದು. ಅವನು ಆರಾಮಾಗಿ ಅಲ್ಲೇ ಇರುತ್ತಾನೆ. ಎಷ್ಟೋ ಹುಡುಗಿಯರು ಮೈಕ್ ಆನ್ ಮಾಡದೆ, ಗಂಡು ಹೆಸರಿನ ಐಡಿಯಲ್ಲಿ ಆಡುವುದು ಇದಕ್ಕೇ.

ಪಬ್‌ಜಿ ಕಾಲದಿಂದ ನಾನು ಮಾಡ್ ಆಗಿದ್ದೇನೆ. ಮೊದಲ ಸಲ ಇಂಥ ದೂರು ಬಂದಾಗ, ಅವಳು ಕಳಿಸಿದ ಸ್ಕ್ರೀನ್‌ಶಾಟನ್ನು ಎಲ್ಲ ಮಾಡ್‌ಗಳೂ ಇದ್ದ ಚಾನೆಲ್‌ಗೆ ಹಾಕಿಬಿಟ್ಟೆ. ಅಲ್ಲಿ ಆ ಹುಡುಗನ ಗೆಳೆಯನೂ ಇದ್ದ. ಅರ್ಧ ಗಂಟೆಯಲ್ಲಿ ಅದು ಅವನ ಕೈ ಸೇರಿತು. ರಾತ್ರಿ ಹೊತ್ತಿಗೆ ಗುರುತಿಲ್ಲದ ಐಡಿಗಳಿಂದ ಅವಳ ಇನ್‌ಸ್ಟಾಗ್ರಾಂಗೆ ಬೈಗುಳದ ಮಳೆ. "ನಿಮ್ಮನ್ನ ನಂಬಿ ಹೇಳಿದ್ದೆ ಅಣ್ಣ" ಅಂತ ಒಂದೇ ಸಾಲು ಬರೆದು ಅವಳು ಸರ್ವರ್ ಬಿಟ್ಟಳು. ಅದಾದ ಮೇಲೆ ನಾವು ಪಾಲಿಸಿದ್ದು ಇಷ್ಟು: ದೂರು ಇಬ್ಬರಿಗಿಂತ ಹೆಚ್ಚು ಜನಕ್ಕೆ ಗೊತ್ತಾಗಬಾರದು, ಆ ಇಬ್ಬರಲ್ಲಿ ಯಾರೂ ಅವನ ಜೊತೆ ಆಡುವವರಾಗಿರಬಾರದು.

ಅವನಿಗೆ ಸುಳಿವು ಸಿಗುವ ಮುಂಚೆ ಸಾಕ್ಷ್ಯ ಉಳಿಸಿಕೊಳ್ಳಿ. ಅವನು ಡಿಎಂ ಅಳಿಸಿಬಿಡಬಹುದು, ಆದ್ದರಿಂದ ದಿನಾಂಕ, ಸಮಯ ಕಾಣುವ ಹಾಗೆ ಈಗಲೇ ಸ್ಕ್ರೀನ್‌ಶಾಟ್ ತೆಗೆಯಲು ಹೇಳಿ. ಆ ಮೆಸೇಜ್ ಮೇಲೆಯೇ ಡಿಸ್ಕಾರ್ಡ್‌ಗೆ ರಿಪೋರ್ಟ್ ಕೂಡ ಹಾಕಲಿ. ಹೆಸರು ಯಾವಾಗ ಬೇಕಾದರೂ ಬದಲಾಗುತ್ತದೆ, ಆದರೆ ಖಾತೆಯ ಐಡಿ ಸಂಖ್ಯೆ ಬದಲಾಗುವುದಿಲ್ಲ. ಡಿಸ್ಕಾರ್ಡ್ ಸೆಟ್ಟಿಂಗ್ಸ್‌ನಲ್ಲಿ ಡೆವಲಪರ್ ಮೋಡ್ ಆನ್ ಮಾಡಿದರೆ ಅದು ಸಿಗುತ್ತದೆ, ಬರೆದಿಟ್ಟುಕೊಳ್ಳಿ. ಯಾವುದಾದರೂ ಮಾಡ್ ಏನನ್ನಾದರೂ ಅಳಿಸಿದ್ದರೆ ಸರ್ವರ್‌ನ ಆಡಿಟ್ ಲಾಗ್‌ನಲ್ಲಿ (ಮಾಡ್‌ಗಳ ಕೆಲಸದ ದಾಖಲೆ) ಕಾಣುತ್ತದೆ, ಆದರೆ ಅದು ಉಳಿಯುವುದು 45 ದಿನ ಮಾತ್ರ.

ವಾಯ್ಸ್‌ನಲ್ಲಿ ಆಡಿದ ಮಾತಿಗೆ ರೆಕಾರ್ಡ್ ಇರುವುದಿಲ್ಲ. ಹಾಗಂತ "ಪ್ರೂಫ್ ಇಲ್ಲ" ಅಂತ ಫೈಲ್ ಮುಚ್ಚಬೇಡಿ. ಆ ಹೊತ್ತು ಚಾನೆಲ್‌ನಲ್ಲಿದ್ದವರನ್ನು ಒಬ್ಬೊಬ್ಬರನ್ನಾಗಿ, ಅವಳ ಹೆಸರೆತ್ತದೆ ಕೇಳಿ. ಬೇರೆ ಬೇರೆಯಾಗಿ ಕೇಳಿದಾಗ ಜನ ನೀವಂದುಕೊಂಡದ್ದಕ್ಕಿಂತ ನಿಜ ಹೇಳುತ್ತಾರೆ. ಇದೆಲ್ಲ ಆದ ಮೇಲೆ ಅವನಿಗೆ ಟೈಮ್‌ಔಟ್ (ಸರ್ವರ್‌ನಲ್ಲಿ ಬರೆಯದಂತೆ, ಮಾತಾಡದಂತೆ ತಾತ್ಕಾಲಿಕ ತಡೆ) ಹಾಕಿ, 28 ದಿನದವರೆಗೂ ಹಾಕಬಹುದು. ಅವನ ಮಾತನ್ನೂ ಕೇಳಿ, ಅದು ನ್ಯಾಯ. ಆದರೆ ಇಬ್ಬರನ್ನೂ ಒಂದೇ ಕಾಲ್‌ನಲ್ಲಿ ಕೂರಿಸಿ ರಾಜಿ ಪಂಚಾಯ್ತಿ ಮಾಡಬೇಡಿ. ಅವಳಿಗೆ ಅದು ಎರಡನೇ ಕಿರುಕುಳ. ಮುಂದಿನ ವಾರ ಟೂರ್ನಮೆಂಟ್ ಇದೆ ಅನ್ನುವುದನ್ನು ತೂಕಕ್ಕೆ ಹಾಕಲೇಬೇಡಿ.

ಬೆದರಿಕೆ, ತಿರುಚಿದ ಫೋಟೊ, ಬೇರೆ ಆ್ಯಪ್‌ಗಳಲ್ಲೂ ಹಿಂಬಾಲಿಸುವುದು ಇವೆಲ್ಲ ಇದ್ದರೆ ಬ್ಯಾನ್ ಮಾಡಿ ಕೈತೊಳೆದುಕೊಳ್ಳುವ ವಿಷಯ ಅಲ್ಲ. ಹೆಣ್ಣು ಬೇಡ ಅಂದಮೇಲೂ ಮತ್ತೆ ಮತ್ತೆ ಬೆನ್ನು ಹತ್ತುವುದು, ಅವಳ ಆನ್‌ಲೈನ್ ಓಡಾಟದ ಮೇಲೆ ಕಣ್ಣಿಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅಪರಾಧ. ಜಿಲ್ಲೆಯ ಸೈಬರ್ ಅಪರಾಧ (ಸೆನ್) ಪೊಲೀಸ್ ಠಾಣೆಗೆ ಹೋಗಬಹುದು, ಕೇಂದ್ರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲೂ ದೂರು ಕೊಡಬಹುದು. ಹೋಗಬೇಕೋ ಬೇಡವೋ ಅವಳೇ ನಿರ್ಧರಿಸಲಿ, ಜೊತೆಗೆ ನೀವಿರಿ. ಒಂದು ಎಚ್ಚರ: ಅವಳಿಗೆ ಇನ್ನೂ 18 ತುಂಬಿಲ್ಲದಿದ್ದು, ಕಿರುಕುಳ ಲೈಂಗಿಕ ಸ್ವರೂಪದ್ದಾಗಿದ್ದರೆ ಅದು ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆ) ವ್ಯಾಪ್ತಿಗೆ ಬರುತ್ತದೆ. ಆಗ ವಿಷಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದು ನಿಮ್ಮ ತಪ್ಪೂ ಆಗುತ್ತದೆ. ಹಾಗಾಗಿ ವಯಸ್ಸು ಮೊದಲೇ ಕೇಳಿಕೊಳ್ಳಿ. ಮಕ್ಕಳ ಸಹಾಯವಾಣಿ 1098.

ಈ ಉತ್ತರ ಓದಿದ ತಕ್ಷಣ ಅವಳಿಗೊಂದು ಮೆಸೇಜ್ ಹಾಕಿ: ನಿನ್ನ ದೂರು ತಲುಪಿದೆ, ಇಂಥ ಇಬ್ಬರು ಮಾತ್ರ ನೋಡುತ್ತಿದ್ದೇವೆ, ಇಂಥ ದಿನದೊಳಗೆ ಏನಾಯಿತು ಅಂತ ತಿಳಿಸುತ್ತೇವೆ. ಆ ದಿನ ಏನೂ ತೀರ್ಮಾನ ಆಗಿರದಿದ್ದರೂ ಸರಿ, ತಪ್ಪದೆ ಮೆಸೇಜ್ ಮಾಡಿ.